ಸಂಕರ ಓಕ್ ಮರವನ್ನು ಗುರುತಿಸುವುದು ಹೇಗೆ, ಅದರ ಕಾಯಿಯಿಂದ ಸಸಿ ಎಬ್ಬಿಸುವುದು ಹೇಗೆ

ಎರಡು ಜಾತಿಯ ಓಕ್‌ಗಳು ಒಟ್ಟಿಗೆ ಬೆಳೆದಿರುವ ಕಾಡಿನಲ್ಲಿ ಅತ್ತ ಅದೂ ಅಲ್ಲದ, ಇತ್ತ ಇದೂ ಅಲ್ಲದ, ಎರಡೂ ಜಾತಿ ಕೂಡಿ ಹುಟ್ಟಿದ ಸಂಕರ ಮರವೊಂದು ಕಣ್ಣಿಗೆ ಬೀಳುವುದು ಅಪರೂಪವಲ್ಲ. ಓಕ್‌ನ ಪರಾಗಸ್ಪರ್ಶ ನಡೆಯುವುದು ಗಾಳಿಯಿಂದ. ಒಂದು ಮರದ ಪರಾಗ ಅದೇ ಮರದ ಹೆಣ್ಣು ಹೂವಿನಲ್ಲಿ ಸಾಮಾನ್ಯವಾಗಿ ಕಾಯಿ ಕಟ್ಟಿಸುವುದಿಲ್ಲ. ಹಾಗಾಗಿ ತನ್ನ ಜಾತಿಯ ಜೊತೆಗಾರರಿಲ್ಲದೆ, ಬೇರೆ ಜಾತಿಯ ಮರಗಳ ನಡುವೆ ಒಂಟಿಯಾಗಿ ನಿಂತ ಓಕ್‌ನಲ್ಲಿ ಸಂಕರ ಕಾಯಿ ಕಟ್ಟುವ ಸಂಭವ ಹೆಚ್ಚು. ಹುಡುಕಾಟ ಶುರು ಮಾಡಬೇಕಾದದ್ದು ಅಂಥ ಮರದ ಸುತ್ತಲಿನ ಎಳೆಯ ಮರಗಳಲ್ಲಿ.

ಒಂದು ವಿಚಿತ್ರ ಎಲೆ ಸಿಕ್ಕ ಮಾತ್ರಕ್ಕೆ ಮರ ಸಂಕರವಾಗುವುದಿಲ್ಲ. ಓಕ್‌ನ ಎಲೆಯಷ್ಟು ದಾರಿ ತಪ್ಪಿಸುವ ಸಾಕ್ಷಿ ಮತ್ತೊಂದಿಲ್ಲ. ಕಾಯಿ, ಕಾಯಿಯ ತೊಟ್ಟು, ಕಾಯಿ ಕೂತಿರುವ ಬಟ್ಟಲು, ಎಲೆಯ ತಳದ (ಕೆಳಮೈಯ) ರೋಮ, ಕಿರುಕೊಂಬೆ ಇಷ್ಟನ್ನೂ ಒಟ್ಟಿಗಿಟ್ಟು ನೋಡಬೇಕು. ಅಲ್ಲೇ ಸುತ್ತಮುತ್ತ ಇರುವ ಶುದ್ಧ ತಂದೆತಾಯಿ ಜಾತಿಗಳ ಪಕ್ಕದಲ್ಲಿಟ್ಟು ಹೋಲಿಸಬೇಕು. ಅದಾದ ಮೇಲಷ್ಟೇ ತೀರ್ಮಾನ.

ಯಾವುದು ಯಾವುದರೊಡನೆ ಕೂಡುತ್ತದೆ

ಓಕ್ ಕುಲದಲ್ಲಿ ನಾನೂರಕ್ಕೂ ಹೆಚ್ಚು ಜಾತಿಗಳಿವೆ. ಅವು ಕೆಲವು ಗುಂಪುಗಳಾಗಿ ಒಡೆದಿವೆ. ಸಂಕರ ನಡೆಯುವುದು ಬಹುಪಾಲು ಒಂದೇ ಗುಂಪಿನೊಳಗೆ. ಉತ್ತರ ಅಮೆರಿಕದ ಮಟ್ಟಿಗೆ ಮೊದಲು ತಿಳಿಯಬೇಕಾದದ್ದು ಬಿಳಿ ಓಕ್ ಗುಂಪು ಮತ್ತು ಕೆಂಪು ಓಕ್ ಗುಂಪು. ಕೆಂಪು ಗುಂಪಿನಲ್ಲಿ ಎಲೆಯ ಹಾಲೆಗಳ (ಸೀಳುಗಳ ನಡುವೆ ಚಾಚಿದ ಭಾಗಗಳ) ತುದಿಗೆ ಕೂದಲಿನಂಥ ಬಿರುಸು ಎಳೆ ಇರುತ್ತದೆ, ಕಾಯಿಯ ಸಿಪ್ಪೆಯ ಒಳಮೈ ರೋಮಮಯ, ಹೂವಾದ ಮರುವರ್ಷ ಕಾಯಿ ಬಲಿಯುತ್ತದೆ. ಬಿಳಿ ಗುಂಪಿನಲ್ಲಿ ಆ ಎಳೆ ಇಲ್ಲ, ಸಿಪ್ಪೆಯ ಒಳಮೈ ನುಣುಪು, ಕಾಯಿ ಅದೇ ವರ್ಷ ಬಲಿಯುತ್ತದೆ. ಕೆಂಪು ಓಕ್ ಮತ್ತು ಬಿಳಿ ಓಕ್ ಕೂಡಿದ ಮರ ಸಿಕ್ಕಿತು ಎಂದು ಯಾರಾದರೂ ಹೇಳಿದರೆ ನಂಬುವ ಮೊದಲು ಕಾಯಿ ಒಡೆದು ಸಿಪ್ಪೆಯ ಒಳಗೆ ನೋಡಿ. ಯಾವುದೋ ಒಂದು ಗುಂಪಿನ ಕಡೆಗೆ ಉತ್ತರ ಅಲ್ಲೇ ಸಿಗುತ್ತದೆ.

ಗುಂಪು ದಾಟಿದ ಸಂಕರಗಳು ಇಲ್ಲವೇ ಇಲ್ಲ ಎಂದಲ್ಲ. ಯುರೋಪಿನ ನಿತ್ಯಹಸಿರು ಹೋಮ್ ಓಕ್ ಮತ್ತು ಇಂಗ್ಲಿಷ್ ಓಕ್ ಕೂಡಿ ಹುಟ್ಟಿದ ಟರ್ನರ್ ಓಕ್ ಅಂಥದ್ದು. ಆದರೆ ಇದು ಅಪವಾದ. ಹುಡುಕುವವರು ಒಂದೇ ಗುಂಪಿನೊಳಗಿನ ಜೋಡಿಗಳನ್ನು ಮೊದಲು ಯೋಚಿಸಬೇಕು.

ಕೆಳಗಿನ ಕ್ರಮವನ್ನು ಒಂದು ಜೋಡಿಯ ಮೇಲೆ ವಿವರವಾಗಿ ತೋರಿಸಲಾಗಿದೆ: ಉತ್ತರ ಅಮೆರಿಕದ ಗ್ರೇಟ್ ಲೇಕ್ಸ್ ಎಂಬ ದೊಡ್ಡ ಸರೋವರಗಳ ಸುತ್ತಲಿನ ತಗ್ಗು ನೆಲಗಳಲ್ಲಿ ಒಟ್ಟಿಗೆ ಬೆಳೆಯುವ ಬರ್ ಓಕ್ (ಕ್ವೆರ್ಕಸ್ ಮ್ಯಾಕ್ರೋಕಾರ್ಪಾ) ಮತ್ತು ಸ್ವಾಂಪ್ ವೈಟ್ ಓಕ್ (ಕ್ವೆರ್ಕಸ್ ಬೈಕಲರ್). ಇವೆರಡರ ಸಂಕರಕ್ಕೆ ಕ್ವೆರ್ಕಸ್ × ಶುಟ್ಟೆಯಿ ಎಂದು ಹೆಸರು. ಕಾಯಿಯ ಲಕ್ಷಣಗಳಲ್ಲಿ ಎರಡು ಜಾತಿಗಳೂ ಎದ್ದು ಕಾಣುವಷ್ಟು ಬೇರೆ ಇರುವುದರಿಂದ ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲ.

ಮಾದರಿ ತೆಗೆಯುವುದು

ಬೇಕಾಗುವ ಸಾಮಾನು ಹೆಚ್ಚಿಲ್ಲ: 10 ಪಟ್ಟು ಹಿಗ್ಗಿಸುವ ಕೈಮಸೂರ (20 ಪಟ್ಟಿನದಾದರೆ ರೋಮ ನೋಡಲು ಇನ್ನೂ ಅನುಕೂಲ), ಮಿಲಿಮೀಟರ್ ಗುರುತಿನ ಅಳತೆಪಟ್ಟಿ, ಉದ್ದ ಕೋಲಿನ ಕೊಂಬೆಕತ್ತರಿ, ಹಳೇ ಪತ್ರಿಕೆ, ಎರಡು ಹಲಗೆ, ಕಟ್ಟಲು ಪಟ್ಟಿ, ಪೆನ್ಸಿಲ್ಲು. ಶಾಯಿ ಒದ್ದೆಯಾದರೆ ಹರಡುತ್ತದೆ, ಪೆನ್ಸಿಲ್ ಗುರುತು ಉಳಿಯುತ್ತದೆ.

ಕಾಲ: ಬೇಸಿಗೆಯ ಕೊನೆಯಿಂದ ಶರತ್ಕಾಲದ ಆರಂಭದವರೆಗೆ. ಆಗ ಎಲೆ ಪೂರ್ತಿ ಬಲಿತಿರುತ್ತದೆ, ಕಾಯಿ ಇನ್ನೂ ಕೊಂಬೆಯ ಮೇಲಿರುತ್ತದೆ. ವಸಂತದ ಎಳೆ ಎಲೆಯಲ್ಲಿ ಎಲ್ಲ ಓಕ್‌ಗಳೂ ರೋಮಮಯವಾಗಿಯೇ ಕಾಣುತ್ತವೆ, ಆ ಕಾಲದ ಮಾದರಿಯಿಂದ ಏನೂ ಹೇಳಲಾಗುವುದಿಲ್ಲ.

ಎಲೆಯನ್ನು ಎಲ್ಲಿಂದ ಕೀಳುತ್ತೀರಿ ಎಂಬುದೇ ಅರ್ಧ ಕೆಲಸ. ಬಿಸಿಲು ಬೀಳುವ ಹೊರಗಿನ ಕೊಂಬೆಗಳಿಂದ, ಮರದ ಸುತ್ತ ಕನಿಷ್ಠ ಐದು ಕಡೆಯಿಂದ, ಒಟ್ಟು 15–20 ಎಲೆ ತೆಗೆಯಿರಿ. ಚಿಗುರಿನ ಮೊದಲ ಎಲೆ ಮತ್ತು ತುದಿಯ ಎಲೆ ಬಿಟ್ಟು ನಡುವಿನವನ್ನು ಆರಿಸಿ. ನೆರಳಿನ ಕೊಂಬೆಯ ಎಲೆ ಅಗಲವಾಗಿ, ಸೀಳು ಕಡಿಮೆಯಾಗಿ, ರೋಮ ವಿರಳವಾಗಿ ಇರುತ್ತದೆ. ಅದನ್ನು ಕೂಡಿಸಿದರೆ ಶುದ್ಧ ಬರ್ ಓಕ್ ಕೂಡ ಸಂಕರದಂತೆ ಕಾಣುತ್ತದೆ. ಕಡಿದ ಬುಡದಿಂದ ಹೊಮ್ಮಿದ ಚಿಗುರು, ಕಾಂಡದ ಮೇಲೆ ಎದ್ದ ಚಿಗುರು, ಬೇಸಿಗೆಯ ನಡುವೆ ಬರುವ ಎರಡನೇ ಚಿಗುರು ಇವುಗಳ ಎಲೆ ಯಾವ ಜಾತಿಯಲ್ಲೂ ಲೆಕ್ಕಕ್ಕಿಲ್ಲ. ನೆಲದ ಮೇಲಿನ ಎಲೆ ಪಕ್ಕದ ಮರದ್ದಿರಬಹುದು, ಮುಟ್ಟಬೇಡಿ.

ಕಾಯಿಯನ್ನು ತೊಟ್ಟು, ಬಟ್ಟಲು ಸಮೇತ ಕೊಂಬೆಯಿಂದಲೇ ಬಿಡಿಸಿ. ಹತ್ತು ಗೊಂಚಲು ಸಾಕು. ಎರಡು ಮೂರು ವರ್ಷದ ಕಿರುಕೊಂಬೆಯ ಒಂದು ತುಂಡೂ ಬೇಕು. ಪ್ರತಿ ಕಟ್ಟಿಗೂ ಚೀಟಿ ಹಚ್ಚಿ: ಮರದ ಸಂಖ್ಯೆ, ದಿನಾಂಕ, ಜಾಗ, ಮಣ್ಣು, ಸುತ್ತ 200 ಮೀಟರ್ ಒಳಗೆ ಕಂಡ ಇತರ ಓಕ್‌ಗಳು. ಈ ಕೊನೆಯ ಸಾಲನ್ನು ಬಹಳ ಜನ ಬರೆಯುವುದಿಲ್ಲ, ಆಮೇಲೆ ಹೆಚ್ಚು ಬೇಕಾಗುವುದೂ ಅದೇ.

ಸಂಶಯದ ಮರ ಒಂದೇ ಇದ್ದರೂ ಅದೇ ಜಾಗದ ಶುದ್ಧ ಬರ್ ಓಕ್ ಐದು, ಶುದ್ಧ ಸ್ವಾಂಪ್ ವೈಟ್ ಓಕ್ ಐದು ಮರಗಳಿಂದ ಇದೇ ರೀತಿ ಮಾದರಿ ತೆಗೆಯಬೇಕು. ಪುಸ್ತಕದ ಅಳತೆಗಳು ಇಡೀ ಖಂಡಕ್ಕೆ ಬರೆದವು. ಬರ್ ಓಕ್‌ನ ಕಾಯಿ ದಕ್ಷಿಣದಲ್ಲಿ ದೊಡ್ಡದು, ಉತ್ತರಕ್ಕೆ ಹೋದಷ್ಟೂ ಚಿಕ್ಕದು. ಬಟ್ಟಲಿನ ಕುಚ್ಚೂ ಅದರ ಜೊತೆಗೆ ಗಿಡ್ಡವಾಗುತ್ತದೆ. ಸ್ಥಳೀಯ ಹೋಲಿಕೆ ಇಲ್ಲದಿದ್ದರೆ ಉತ್ತರದ ಬರ್ ಓಕ್‌ಗಳೆಲ್ಲ ಸಂಕರದ ಪಟ್ಟಿಗೆ ಸೇರಿಬಿಡುತ್ತವೆ.

ಐದು ಲಕ್ಷಣ, ಹತ್ತು ಅಂಕ

ಪ್ರತಿ ಲಕ್ಷಣಕ್ಕೂ ಸ್ವಾಂಪ್ ವೈಟ್ ಕಡೆಗಿದ್ದರೆ 0, ನಡುವಿದ್ದರೆ 1, ಬರ್ ಕಡೆಗಿದ್ದರೆ 2 ಅಂಕ. ಇಂಥ ಸಂಕರ ಸೂಚ್ಯಂಕವನ್ನು ಬಳಕೆಗೆ ತಂದವರು ಅಮೆರಿಕದ ಸಸ್ಯವಿಜ್ಞಾನಿ ಎಡ್ಗರ್ ಆಂಡರ್ಸನ್. ಕೆಳಗಿನ ಗಡಿಗಳು ಕೆಲಸಕ್ಕೆ ಅನುಕೂಲವಾಗಲೆಂದು ಇಟ್ಟವು. ನಿಮ್ಮ ಹತ್ತು ಶುದ್ಧ ಮರಗಳ ಅಳತೆ ಬೇರೆ ಹೇಳಿದರೆ ಗಡಿಯನ್ನು ಸರಿಸಿಕೊಳ್ಳಿ.

ಕಾಯಿಯ ತೊಟ್ಟು. ಎಲ್ಲಕ್ಕಿಂತ ಭರವಸೆಯ ಲಕ್ಷಣ. ಸ್ವಾಂಪ್ ವೈಟ್ ಓಕ್‌ನಲ್ಲಿ ಕಾಯಿ 4–7 ಸೆಂ.ಮೀ. ಉದ್ದದ ತೊಟ್ಟಿನಿಂದ ತೂಗುತ್ತದೆ. ಬರ್ ಓಕ್‌ನಲ್ಲಿ ತೊಟ್ಟು ಸಾಮಾನ್ಯವಾಗಿ 2 ಸೆಂ.ಮೀ. ಒಳಗೆ, ಎಷ್ಟೋ ಸಲ ಇಲ್ಲವೆನ್ನುವಷ್ಟು ಗಿಡ್ಡ. 4 ಸೆಂ.ಮೀ. ಮೇಲಿದ್ದರೆ 0, 2–4 ಇದ್ದರೆ 1, ಅದಕ್ಕೂ ಕಡಿಮೆಯಾದರೆ 2. ಹತ್ತು ಗೊಂಚಲಿನ ಸರಾಸರಿ ಹಿಡಿಯಿರಿ.

ಬಟ್ಟಲಿನ ಅಂಚು. ಬರ್ ಓಕ್‌ನ ಬಟ್ಟಲಿನ ಅಂಚಿನಲ್ಲಿ ಮೆತ್ತನೆಯ ಕುಚ್ಚು ಇರುತ್ತದೆ, ಬಟ್ಟಲು ಕಾಯಿಯನ್ನು ಅರ್ಧಕ್ಕಿಂತ ಹೆಚ್ಚು ನುಂಗಿರುತ್ತದೆ. ಕುಚ್ಚಿನ ಎಳೆ 5 ಮಿ.ಮೀ. ಅಥವಾ ಹೆಚ್ಚಿದ್ದರೆ 2, ಮೆತ್ತಗಿದ್ದೂ ಅದಕ್ಕಿಂತ ಗಿಡ್ಡವಾದರೆ 1, ಇಲ್ಲದಿದ್ದರೆ 0. ಇಲ್ಲೊಂದು ಎಚ್ಚರ: ಶುದ್ಧ ಸ್ವಾಂಪ್ ವೈಟ್ ಓಕ್‌ನ ಬಟ್ಟಲಿನ ಅಂಚಿನಲ್ಲೂ ಗಿಡ್ಡ, ಗಟ್ಟಿ, ಹಿಂದಕ್ಕೆ ಬಾಗಿದ ಮುಳ್ಳುಗಳು ಬರುವುದುಂಟು. ಬೆರಳಿನಿಂದ ಒತ್ತಿ ನೋಡಿ. ಚುಚ್ಚಿದರೆ ಅದು ಕುಚ್ಚಲ್ಲ, ಅಂಕ 0.

ಎಲೆಯ ಸೀಳು. ನಡುನರದಿಂದ ಹಾಲೆಯ ತುದಿಯವರೆಗಿನ ದೂರವನ್ನು ಅಳೆಯಿರಿ. ಅದೇ ಕಡೆಯ ಅತಿ ಆಳದ ಸೀಳು ಆ ದೂರದ ಎಷ್ಟು ಪಾಲು ಒಳಗೆ ಹೋಗಿದೆ ನೋಡಿ. ಮೂರನೇ ಒಂದು ಪಾಲಿಗಿಂತ ಕಡಿಮೆ 0, ಮೂರನೇ ಎರಡಕ್ಕಿಂತ ಹೆಚ್ಚು 2, ನಡುವೆ 1. ಬರ್ ಓಕ್‌ನ ಎಲೆಯಲ್ಲಿ ನಡು ಭಾಗದ ಒಂದು ಜೋಡಿ ಸೀಳು ನಡುನರದ ಹತ್ತಿರದವರೆಗೂ ಕೊರೆದು, ಮೇಲಿನ ಅಗಲ ಭಾಗ ಬೇರೆಯಾಗಿ ನಿಂತಂತೆ ಕಾಣುತ್ತದೆ. ಸ್ವಾಂಪ್ ವೈಟ್‌ನಲ್ಲಿ ಅಂಚು ಅಲೆಯಂತೆ ಅಥವಾ ದಪ್ಪ ಹಲ್ಲಿನಂತೆ ಇದ್ದು ಒಳಗೆ ಹೋಗುವುದೇ ಇಲ್ಲ.

ಎಲೆಯ ತಳದ ರೋಮ. ಎರಡೂ ಜಾತಿಯಲ್ಲಿ ತಳ ಬೆಳ್ಳಗಿರುವುದರಿಂದ ಬಣ್ಣ ಉಪಯೋಗಕ್ಕೆ ಬಾರದು, ಹೆಬ್ಬೆರಳಿನಿಂದ ಸವರಿ ನೋಡಬೇಕು. ಸ್ವಾಂಪ್ ವೈಟ್‌ನ ತಳ ಮಖಮಲ್ಲಿನಂತೆ ಹತ್ತುತ್ತದೆ. ಮಸೂರದಲ್ಲಿ ಎರಡು ಬಗೆಯ ರೋಮ ಕಾಣುತ್ತದೆ: ಮೈಗೆ ಅಂಟಿಕೊಂಡ ಪುಟ್ಟ ನಕ್ಷತ್ರಾಕಾರದವು, ಅವುಗಳ ನಡುವಿನಿಂದ ನೆಟ್ಟಗೆ ಎದ್ದು ನಿಂತ ಒಂದರಿಂದ ನಾಲ್ಕು ಎಳೆಯವು. ಬರ್ ಓಕ್‌ನಲ್ಲಿ ಅಂಟಿಕೊಂಡ ನಕ್ಷತ್ರ ರೋಮಗಳದೇ ದಟ್ಟ ಹಾಸು, ನೆಟ್ಟಗಿನವು ಇಲ್ಲ. ನೆಟ್ಟಗಿನ ರೋಮ ತಳದ ಎಲ್ಲೆಡೆ ಇದ್ದರೆ 0, ಅಲ್ಲಲ್ಲಿ ಮಾತ್ರ ಅಥವಾ ನರದ ಬದಿಗಷ್ಟೇ ಇದ್ದರೆ 1, ಇಲ್ಲದಿದ್ದರೆ 2. ಮಸೂರ ಹಿಡಿಯುವಾಗ ಎಲೆಯನ್ನು ಬೆರಳಿನ ಮೇಲೆ ಮಡಚಿ, ಮಡಿಕೆಯ ಅಂಚನ್ನು ಬೆಳಕಿಗೆ ಎದುರಾಗಿಟ್ಟು ನೋಡಿ. ನೆಟ್ಟಗಿನ ರೋಮ ಇದ್ದರೆ ಅಂಚಿನಾಚೆಗೆ ಎದ್ದು ಕಾಣುತ್ತದೆ, ಅಂಟಿಕೊಂಡದ್ದು ಕಾಣುವುದಿಲ್ಲ. ಹೊಸಬರ ಗೊಂದಲ ಈ ಒಂದು ಉಪಾಯದಿಂದಲೇ ಮುಕ್ಕಾಲು ಪಾಲು ತೀರುತ್ತದೆ.

ಕಿರುಕೊಂಬೆ. ಬರ್ ಓಕ್‌ನ ಎರಡು ಮೂರು ವರ್ಷದ ಕೊಂಬೆಯ ಮೇಲೆ ಬೆಂಡಿನಂಥ ಏಣುಗಳು ಎದ್ದಿರುವುದುಂಟು. ಸ್ವಾಂಪ್ ವೈಟ್‌ನಲ್ಲಿ ಏಣಿಲ್ಲ, ಎಳೆಯ ಕೊಂಬೆಗಳ ತೊಗಟೆ ಕಾಗದದಂತೆ ಸುರುಳಿ ಸುತ್ತಿ ಏಳುತ್ತದೆ. ಸ್ಪಷ್ಟ ಏಣು 2, ಗೀರು ಮಾತ್ರ 1, ನುಣುಪು 0. ಶುದ್ಧ ಬರ್ ಓಕ್‌ನಲ್ಲೂ ಏಣು ಇಲ್ಲದ ಮರಗಳು ಇರುವುದರಿಂದ ಐದರಲ್ಲಿ ಇದು ದುರ್ಬಲ ಸಾಕ್ಷಿ. ಮೊದಲ ನಾಲ್ಕು ಒಂದು ಹೇಳಿ ಇದೊಂದು ಬೇರೆ ಹೇಳಿದರೆ ಮೊದಲ ನಾಲ್ಕನ್ನು ನಂಬಿ.

ಒಟ್ಟು 4ರಿಂದ 6 ಅಂಕ ಬಂದು, ಶುದ್ಧ ಮರಗಳು ಎರಡೂ ತುದಿಗೆ ಗುಂಪುಗೂಡಿದ್ದರೆ ಅದು ಮೊದಲ ತಲೆಮಾರಿನ ಸಂಕರ ಎನ್ನಲು ಒಳ್ಳೆಯ ಆಧಾರವಿದೆ. 2–3 ಅಥವಾ 7–8 ಬಂದರೆ ಸಂಕರವು ಮತ್ತೆ ಒಂದು ತಂದೆತಾಯಿ ಜಾತಿಯೊಡನೆ ಕೂಡಿ ಹುಟ್ಟಿದ ಮರವಾಗಿರಬಹುದು. ಶುದ್ಧ ಜಾತಿಯ ಅಂಚಿನ ಮರವೂ ಆಗಿರಬಹುದು. ಇವೆರಡನ್ನು ಕಣ್ಣಿನಿಂದ ಬೇರ್ಪಡಿಸುವುದು ಸಾಧ್ಯವಿಲ್ಲ, ಹಾಗೆ ಬೇರ್ಪಡಿಸಿದೆ ಎನ್ನುವವರ ಮಾತಿಗೆ ಹೆಚ್ಚು ತೂಕ ಕೊಡಬೇಡಿ. ಅಲ್ಲದೆ, ಅಂಕ ನಡುವೆ ಬಂದರಷ್ಟೇ ಸಾಲದು. ಕನಿಷ್ಠ ಎರಡು ಮೂರು ಲಕ್ಷಣಗಳಲ್ಲಾದರೂ ಸ್ವತಃ ನಡುವಿನ ರೂಪ ಇರಬೇಕು ಅಥವಾ ಎರಡೂ ಜಾತಿಯ ಗುರುತುಗಳು ಒಂದೇ ಮರದಲ್ಲಿ ಬೆರೆತಿರಬೇಕು.

ಡಿಎನ್ಎ ಪರೀಕ್ಷೆ ಮಾಡಿಸುವುದಾದರೆ ಕೋಶಕೇಂದ್ರದ ಡಿಎನ್ಎಯನ್ನೇ ನೋಡಿಸಬೇಕು. ಓಕ್‌ನಲ್ಲಿ ಕ್ಲೋರೋಪ್ಲಾಸ್ಟ್ (ಎಲೆಗೆ ಹಸಿರು ಕೊಡುವ ಕಣ) ಡಿಎನ್ಎ ತಾಯಿ ಕಡೆಯಿಂದ ಮಾತ್ರ ಬರುತ್ತದೆ. ಒಂದೇ ಪ್ರದೇಶದ ಬೇರೆ ಬೇರೆ ಜಾತಿಗಳು ಅದನ್ನು ಹಂಚಿಕೊಂಡಿರುವುದು ಸಾಮಾನ್ಯ. ಕ್ಲೋರೋಪ್ಲಾಸ್ಟ್ ಒಂದನ್ನೇ ನೋಡಿ ಜಾತಿ ಹೇಳಿದ ವರದಿ ಈ ಕೆಲಸಕ್ಕೆ ಬಾರದು.

ಬೇರೆ ಜೋಡಿಗಳಿಗೆ ಇದೇ ಕ್ರಮ

ಯುರೋಪಿನಲ್ಲಿ ಹೆಚ್ಚು ಕಾಣುವುದು ಇಂಗ್ಲಿಷ್ ಓಕ್ (ಕ್ವೆರ್ಕಸ್ ರೋಬರ್) ಮತ್ತು ಸೆಸೈಲ್ ಓಕ್ (ಕ್ವೆರ್ಕಸ್ ಪೆಟ್ರೇಯಾ) ಸಂಕರ, ಕ್ವೆರ್ಕಸ್ × ರೋಸೇಸಿಯಾ. ಇಂಗ್ಲಿಷ್ ಓಕ್‌ನಲ್ಲಿ ಎಲೆತೊಟ್ಟು 7 ಮಿ.ಮೀ. ಒಳಗೆ, ಎಲೆಯ ಬುಡದಲ್ಲಿ ಕಿವಿಯಂಥ ಮಡಿಕೆ, ಸೀಳಿನ ಕಡೆಗೂ ಓಡುವ ನರಗಳು, ಕಾಯಿಗೆ ಉದ್ದ ತೊಟ್ಟು. ಸೆಸೈಲ್ ಓಕ್‌ನಲ್ಲಿ ಎಲೆತೊಟ್ಟು 13 ಮಿ.ಮೀ. ಮೇಲೆ, ಬುಡ ಬೆಣೆಯಂತೆ, ತಳದಲ್ಲಿ ನಕ್ಷತ್ರ ರೋಮ, ಕಾಯಿ ಕೊಂಬೆಗೆ ಅಂಟಿದಂತೆ. ತೊಟ್ಟುಗಳ ಲೆಕ್ಕ ಎಲೆ ಮತ್ತು ಕಾಯಿಯಲ್ಲಿ ಅದಲುಬದಲಾಗಿರುವುದು ನೆನಪಿಡಲು ಅನುಕೂಲ. ಈ ಜೋಡಿಯಲ್ಲಿ ರೋಮ ನೋಡಲು 20 ಪಟ್ಟಿನ ಮಸೂರವೇ ಬೇಕು.

ಕೆಂಪು ಗುಂಪಿನಲ್ಲಿ ಹೆಸರಾದದ್ದು ಬಾರ್ಟ್ರಮ್ ಓಕ್, ಕ್ವೆರ್ಕಸ್ × ಹೆಟೆರೋಫಿಲ್ಲಾ: ಹಾಲೆಯಿಲ್ಲದ ಕಿರಿದಾದ ಎಲೆಯ ವಿಲ್ಲೋ ಓಕ್ ಮತ್ತು ಹಾಲೆಯೊಡೆದ ಉತ್ತರದ ಕೆಂಪು ಓಕ್ ಕೂಡಿದ್ದು. 18ನೇ ಶತಮಾನದಲ್ಲಿ ಫಿಲಡೆಲ್ಫಿಯಾದಲ್ಲಿ ಕಂಡ ಈ ಮರವನ್ನು ಬಹುಕಾಲ ಸ್ವತಂತ್ರ ಜಾತಿಯೆಂದೇ ತಿಳಿದಿದ್ದರು. ತಂದೆತಾಯಿ ಯಾರೆಂದು ಹೇಳುವಾಗಲೂ ಆತುರ ಬೇಡ. ಇಂಡಿಯಾನಾದ ಬ್ಲಫ್ಟನ್ ಬಳಿ 1904ರಲ್ಲಿ ಕಂಡ ಡೀಮ್ ಓಕ್ ಅನ್ನು ಮೊದಲು ವೈಟ್ ಓಕ್ (ಕ್ವೆರ್ಕಸ್ ಆಲ್ಬಾ) ಮತ್ತು ಚಿಂಕಪಿನ್ ಓಕ್‌ನ ಸಂಕರ ಎಂದರು, ಆಮೇಲೆ ವೈಟ್ ಓಕ್‌ನ ಜಾಗಕ್ಕೆ ಬರ್ ಓಕ್ ಬಂತು.

ಕಾಯಿಯಿಂದ ಸಸಿ

ಸಂಕರ ಮರದ ಕಾಯಿ ಬಿತ್ತಿದರೆ ತಾಯಿಯಂಥದ್ದೇ ಸಸಿ ಬರುವುದಿಲ್ಲ. ಕೆಲವು ಒಂದು ಜಾತಿಯ ಕಡೆಗೆ, ಕೆಲವು ಇನ್ನೊಂದರ ಕಡೆಗೆ ವಾಲುತ್ತವೆ. ಬಾರ್ಟ್ರಮ್ ಓಕ್‌ನ ಕಾಯಿ ಬಿತ್ತಿ ಈ ವೈವಿಧ್ಯವನ್ನು ತೋರಿಸಿದ ಅಮೆರಿಕದ ಸಸ್ಯವಿಜ್ಞಾನಿ ಮ್ಯಾಕ್‌ಡೂಗಲ್ ಅವರ ಕೆಲಸ 1907ರಲ್ಲೇ ಪ್ರಕಟವಾಯಿತು. ಹಾಗಾಗಿ ಬಿತ್ತನೆ ಎರಡು ಉದ್ದೇಶಕ್ಕೆ: ತಾಯಿಮರ ಸಂಕರವೆಂಬುದಕ್ಕೆ ಇನ್ನೊಂದು ಸಾಕ್ಷಿ, ಆಯ್ಕೆಗೆ ಬಗೆಬಗೆಯ ಸಸಿ. ತಾಯಿಯ ಪಡಿಯಚ್ಚೇ ಬೇಕಿದ್ದರೆ ಕಸಿ ಮಾಡಬೇಕು.

ಮೊದಲು ಉದುರುವ ಕಾಯಿಗಳನ್ನು ಬಿಟ್ಟುಬಿಡಿ, ಅವುಗಳಲ್ಲಿ ಹುಳು ಹೆಚ್ಚು. ಮುಟ್ಟಿದರೆ ಬಟ್ಟಲಿನಿಂದ ಬಿಡಿಸಿಕೊಳ್ಳುವ ಹಂತಕ್ಕೆ ಬಂದಾಗ 50–100 ಕಾಯಿ ಆರಿಸಿ. ಬಕೆಟ್ ನೀರಿಗೆ ಹಾಕಿ ಒಂದು ರಾತ್ರಿ ಬಿಡಿ. ಮುಳುಗಿದವನ್ನು ಇಟ್ಟುಕೊಳ್ಳಿ, ತೇಲಿದವನ್ನು ತೆಗೆಯಿರಿ. ತಕ್ಷಣ ನೋಡಿ ಎಸೆಯಬಾರದು. ಸ್ವಲ್ಪ ಒಣಗಿದ ಒಳ್ಳೆಯ ಕಾಯಿಯೂ ಮೊದಲು ತೇಲಿ ನೀರು ಕುಡಿದ ಮೇಲೆ ಮುಳುಗುತ್ತದೆ.

ಮುಳುಗಿದ ಕಾಯಿಯೊಳಗೂ ಮೂತಿಹುಳುವಿನ ಮೊಟ್ಟೆ ಇರಬಹುದು. ಸರಿಯಾಗಿ 49 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 40 ನಿಮಿಷ ಇಟ್ಟರೆ ಅದು ಸಾಯುತ್ತದೆ. ಉಷ್ಣಮಾಪಕ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ, ಶಾಖ ಸ್ವಲ್ಪ ಏರಿದರೂ ಕಾಯಿಯ ಭ್ರೂಣವೇ ಬೆಂದುಹೋಗುತ್ತದೆ. ಉಷ್ಣಮಾಪಕ ಇಲ್ಲದವರು ಹತ್ತಿಪ್ಪತ್ತು ಕಾಯಿ ಹೆಚ್ಚಿಗೆ ಬಿತ್ತುವುದು ಮೇಲು.

ಓಕ್ ಕಾಯಿಯನ್ನು ಒಣಗಿಸಿ ಇಡುವಂತಿಲ್ಲ. ತೇವ ಹೋದರೆ ಜೀವವೂ ಹೋಯಿತು. ಬಿಳಿ ಗುಂಪಿನ ಕಾಯಿ ಬಿದ್ದ ಕೆಲವೇ ದಿನಗಳಲ್ಲಿ ಬೇರು ಬಿಡುತ್ತದೆ, ಚಿಗುರು ಮಾತ್ರ ವಸಂತದಲ್ಲಿ ಏಳುತ್ತದೆ. ಆದ್ದರಿಂದ ಶರತ್ಕಾಲದಲ್ಲೇ ಬಿತ್ತಿಬಿಡಿ. ತಡವಾಗುವುದಾದರೆ ಜವುಗಿನ ಕೊಳೆತ ಪಾಚಿಯ ಪುಡಿಯಾದ ತೇವದ ಪೀಟ್‌ನಲ್ಲಿ ಬೆರೆಸಿ, ತೆಳು ಪಾಲಿಥಿನ್ ಚೀಲದಲ್ಲಿ, ಬಾಯಿ ಸಡಿಲ ಬಿಟ್ಟು, 1–3 ಡಿಗ್ರಿಯಲ್ಲಿಡಿ. ಪೀಟ್ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಉತ್ತರದ ಚಳಿ ಸೀಮೆಯ ಬರ್ ಓಕ್ ಕಾಯಿ ವಸಂತದವರೆಗೂ ಸುಮ್ಮನಿರುವುದುಂಟು, ಅದರ ಸಂಕರ ಮೊಳೆಯದಿದ್ದರೆ ಸತ್ತಿತೆಂದು ಚೆಲ್ಲಬೇಡಿ. ಕೆಂಪು ಗುಂಪಿನ ಕಾಯಿಗೆ ಇದೇ ರೀತಿ ಒಂದರಿಂದ ಮೂರು ತಿಂಗಳು ತಂಪು ಬೇಕೇ ಬೇಕು.

ಕುಂಡ ಅಗಲವಾಗಿರಬೇಕಿಲ್ಲ, ಆಳವಾಗಿರಬೇಕು: 10 ಸೆಂ.ಮೀ. ಅಗಲ, ಕನಿಷ್ಠ 30 ಸೆಂ.ಮೀ. ಆಳ, ತಳಕ್ಕೆ ಜಾಲರಿ. ನೆಲದಿಂದ ಒಂದು ಗೇಣು ಎತ್ತರಕ್ಕೆ ಇಟ್ಟರೆ ತಾಯಿಬೇರು ಜಾಲರಿ ತಲುಪಿ ಗಾಳಿಗೆ ಒಣಗಿ ನಿಲ್ಲುತ್ತದೆ, ಬದಿಯಲ್ಲಿ ಕವಲುಬೇರು ಹೊಡೆಯುತ್ತದೆ. ಮುಚ್ಚಿದ ತಳದ ಗಿಡ್ಡ ಕುಂಡದಲ್ಲಿ ಅದೇ ಬೇರು ಸುರುಳಿ ಸುತ್ತುತ್ತದೆ. ಅಂಥ ಸಸಿ ನೆಟ್ಟು ವರ್ಷಗಳ ಮೇಲೂ ನೆಲ ಹಿಡಿಯುವುದಿಲ್ಲ. ನೀರು ಬಸಿಯುವ ಮಿಶ್ರಣ ತುಂಬಿ: ಮಾಗಿದ ತೊಗಟೆ ಪುಡಿ ಮೂರು ಪಾಲು, ದಪ್ಪ ಮರಳು ಅಥವಾ ಪರ್ಲೈಟ್ (ಜ್ವಾಲಾಮುಖಿ ಶಿಲೆಯ ಹಗುರ ಕಾಳು) ಒಂದು ಪಾಲು.

ಕಾಯಿಯನ್ನು ಅಡ್ಡ ಮಲಗಿಸಿ, ಮೇಲೆ 2–3 ಸೆಂ.ಮೀ. ಮಿಶ್ರಣ ಹರಡಿ. ಆಗಲೇ ಬೇರು ಬಂದಿದ್ದರೆ ಬೆರಳಿನಿಂದ ಕುಳಿ ಮಾಡಿ ಬೇರನ್ನು ಕೆಳಮುಖವಾಗಿ ಇಳಿಬಿಡಿ. ತುದಿ ಮುರಿದರೂ ಗಾಬರಿ ಬೇಡ, ಬದಿಯಿಂದ ಹೊಸ ಬೇರು ಬರುತ್ತದೆ. ಇಲಿ, ಅಳಿಲು, ಹಕ್ಕಿಗಳಿಂದ ಕಾಯಲು 1.25 ಸೆಂ.ಮೀ. ಕಿಂಡಿಯ ತಂತಿಜಾಲರಿಯನ್ನು ಮೇಲೂ ಬದಿಗೂ ಬಿಗಿಯಾಗಿ ಹೊದಿಸಿ. ಪ್ಲಾಸ್ಟಿಕ್ ಬಲೆಯನ್ನು ಅಳಿಲು ಒಂದೇ ರಾತ್ರಿಯಲ್ಲಿ ಕಡಿದು ಹಾಕುತ್ತದೆ.

ಪ್ರತಿ ಕುಂಡಕ್ಕೂ ತಾಯಿಮರದ ಸಂಖ್ಯೆಯ ಚೀಟಿ ಇರಲಿ. ಹೋಲಿಕೆಗೆ ಶುದ್ಧ ಮರಗಳ ಕಾಯಿಯನ್ನೂ ಹತ್ತಿಪ್ಪತ್ತು ಬಿತ್ತಿ. ಮೊದಲ ವರ್ಷದ ಸಸಿಯ ಎಲೆ ನೋಡಿ ಜಾತಿ ಹೇಳಲಾಗದು. ಮೂರನೇ ವರ್ಷ ಬಿಸಿಲಿನಲ್ಲಿ ನಿಂತ ಸಸಿಗಳ ಎಲೆಯನ್ನು ಸಾಲಾಗಿ ಇಟ್ಟರೆ ಸಂಕರದ ಮಕ್ಕಳಲ್ಲಿ ಒಂದಕ್ಕೊಂದು ವ್ಯತ್ಯಾಸ ಶುದ್ಧ ಮರದ ಮಕ್ಕಳಿಗಿಂತ ಎದ್ದು ಕಾಣಬೇಕು. ಆದರೆ ಸಾಧ್ಯವಾದಷ್ಟೂ ಅಷ್ಟು ದಿನ ಕುಂಡದಲ್ಲಿ ಇಡಬೇಡಿ. ಒಂದು ವರ್ಷ ತುಂಬುತ್ತಲೇ, ಎಲೆ ಉದುರಿದ ಕಾಲದಲ್ಲಿ ನೆಲಕ್ಕೆ ಇಳಿಸಿ. ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಮಣ್ಣಿನಲ್ಲಿ ಸುಣ್ಣ ಹೆಚ್ಚಾಗಿ ಕಬ್ಬಿಣಾಂಶ ಸಿಗುತ್ತಿಲ್ಲ ಎಂದರ್ಥ. ಬರ್ ಓಕ್ ಇಂಥ ಮಣ್ಣನ್ನು ತಡೆದುಕೊಳ್ಳುತ್ತದೆ, ಸ್ವಾಂಪ್ ವೈಟ್ ತಡೆಯುವುದಿಲ್ಲ. ಮಣ್ಣಿನಲ್ಲಿ ಸುಣ್ಣವಿದ್ದವರು ಹಸಿರಾಗಿಯೇ ಉಳಿದ ಸಸಿಗಳನ್ನು ಆರಿಸಿ ಮುಂದುವರಿಸಬಹುದು. ಈ ಸಂಕರವನ್ನು ಬೆಳೆಸುವುದರ ನಿಜವಾದ ಲಾಭ ಈ ಆಯ್ಕೆಯಲ್ಲೇ ಇದೆ.

ಪಡಿಯಚ್ಚು ಬೇಕಿದ್ದರೆ ಕಸಿ

ಓಕ್ ಕೊಂಬೆ ನೆಟ್ಟರೆ ಬೇರು ಬಿಡುವುದು ಬಹಳ ಕಷ್ಟ, ವಯಸ್ಸಾದ ಮರದ್ದಾದರೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚಳಿಗಾಲದ ಕೊನೆಯಲ್ಲಿ, ಮೊಗ್ಗು ಉಬ್ಬುವ ಮೊದಲು, ಬಿಸಿಲ ಕಡೆಯ ಹಿಂದಿನ ವರ್ಷದ ಚಿಗುರಿನಿಂದ ಪೆನ್ಸಿಲ್ ದಪ್ಪದ ಕಡ್ಡಿ ತೆಗೆಯಿರಿ. ವಸಂತದಲ್ಲಿ ಕೊಂಬೆ ಕಡಿಯಲೇಬಾರದು. ಅಮೆರಿಕದಲ್ಲಿ ಓಕ್ ವಿಲ್ಟ್ ಎಂಬ ಶಿಲೀಂಧ್ರ ರೋಗವನ್ನು ಹೊತ್ತ ಜೀರುಂಡೆಗಳು ಆ ಕಾಲದ ಹಸಿ ಗಾಯಕ್ಕೆ ಬಂದು ಕೂರುತ್ತವೆ. ಒಂದು ಕಡ್ಡಿಯ ಆಸೆಗೆ ತಾಯಿಮರವನ್ನೇ ಕಳೆದುಕೊಳ್ಳಬೇಕಾದೀತು. ಕಡ್ಡಿಗಳನ್ನು ತೇವದ ಕಾಗದದಲ್ಲಿ ಸುತ್ತಿ ಚೀಲದಲ್ಲಿ 1–4 ಡಿಗ್ರಿಯಲ್ಲಿಡಿ.

ಬೇರುಸಸಿ, ಅಂದರೆ ಕಡ್ಡಿಯನ್ನು ಕಟ್ಟಲು ಬೇರು ಸಮೇತ ಬೆಳೆಸಿದ ಸಸಿ, ಅದೇ ಗುಂಪಿನದಾಗಿರಬೇಕು, ತಂದೆತಾಯಿ ಜಾತಿಗಳಲ್ಲಿ ಒಂದಾದರೆ ಎಲ್ಲಕ್ಕಿಂತ ಒಳ್ಳೆಯದು. ಬಿಳಿ ಗುಂಪಿನ ಕಡ್ಡಿಯನ್ನು ಕೆಂಪು ಗುಂಪಿನ ಸಸಿಗೆ ಕಟ್ಟಿದರೆ ಹಿಡಿಯುವುದಿಲ್ಲ, ಹಿಡಿದಂತೆ ಕಂಡರೂ ಆಮೇಲೆ ಕೂಡುಭಾಗದಲ್ಲಿ ಕಳಚುತ್ತದೆ. ಬೇರುಸಸಿಯ ಮೊಗ್ಗು ಉಬ್ಬುತ್ತಿರುವಾಗ ಎರಡನ್ನೂ ಒಂದೇ ಕೋನದಲ್ಲಿ 3–4 ಸೆಂ.ಮೀ. ಉದ್ದಕ್ಕೆ ಓರೆಯಾಗಿ ಕೊಯ್ದು ಜೋಡಿಸಿ. ತೊಗಟೆಯಡಿಯ ಹಸಿರು ಪದರ ಕನಿಷ್ಠ ಒಂದು ಬದಿಯಲ್ಲಾದರೂ ಸರಿಯಾಗಿ ಕೂಡಬೇಕು. ಕಸಿಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಕಡ್ಡಿಯ ತುದಿಗೆ ಮೇಣ ಹಚ್ಚಿ. ಓಕ್ ಕಸಿ ಸೋಲುವುದು ಹೆಚ್ಚು, ಒಂದು ಮರ ಬೇಕಿದ್ದರೆ ಹತ್ತು ಕಸಿ ಕಟ್ಟಿ. ಕೂಡುಭಾಗದ ಕೆಳಗೆ ಬೇರುಸಸಿಯ ಚಿಗುರು ಬಂದಂತೆಲ್ಲ ಚಿವುಟಿ ಹಾಕಿ. ಬಿಟ್ಟರೆ ಕಡ್ಡಿ ಸತ್ತು ಬೇರುಸಸಿಯೇ ಮರವಾಗುತ್ತದೆ, ಬಿಳಿ ಗುಂಪಿನ ಎಲೆಗಳು ಒಂದನ್ನೊಂದು ಹೋಲುವುದರಿಂದ ವರ್ಷಗಟ್ಟಲೆ ಅದು ಯಾರಿಗೂ ತಿಳಿಯದೆ ಹೋಗಬಹುದು. ಕೂಡುಭಾಗಕ್ಕೆ ಬಣ್ಣದ ಗುರುತು ಹಚ್ಚಿಡಿ. ಪಟ್ಟಿಯನ್ನು ಮೊದಲ ಬೇಸಿಗೆಯ ಕೊನೆಗೆ ಕೊಯ್ದು ತೆಗೆಯಿರಿ, ಇಲ್ಲದಿದ್ದರೆ ದಪ್ಪವಾಗುವ ಕಾಂಡವನ್ನು ಅದು ಹಿಸುಕುತ್ತದೆ.